ಗಿಡ್ಡ ದನ ಕರೆಯುವ ಕೈ ಬೇರೆ

ಈಗ ಶಿರಸಿ ಕಡೆ ಹುಡುಗರಿಗೆ ಮತ್ತೆ ಮಲೆನಾಡು ಗಿಡ್ಡ ಎಂಬ ಊರದನ ಕಟ್ಟುವ ಹುಮ್ಮಸ್ಸು. ಸಂತೋಷವೇ. ಆದರೆ ಜರ್ಸಿ ಕರೆದ ರೂಢಿಯಲ್ಲೇ ಅದರ ಕೆಚ್ಚಲಿಗೆ ಕೈ ಹಾಕುತ್ತೀರಲ್ಲ, ನೋಡಿದರೆ ಸಿಟ್ಟು ಬರುತ್ತದೆ. ಕರುವನ್ನು ದೂರ ಕಟ್ಟಿ, ದನದ ಮುಂದೆ ಹಿಂಡಿ ಸುರಿದು, ಚೊಂಬು ಹಿಡಿದು ಕೂತರೆ ಅದು ಸೊರೆ ಬಿಡುವುದಿಲ್ಲ, ಅಂದರೆ ಹಾಲನ್ನು ಮೊಲೆಗೆ ಇಳಿಸುವುದಿಲ್ಲ. ಆಮೇಲೆ ಒದೆಯುವ ದನ ಅಂತ ಅದಕ್ಕೇ ಬೈಯುವುದು!

ಊರದನವನ್ನು ನಮ್ಮ ಹಿರಿಯರು ಸಾಕಿದ್ದು ಹಾಲಿಗಿಂತ ಜಾಸ್ತಿ ಗೊಬ್ಬರಕ್ಕೆ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಹಾಸಿ, ದನ ತುಳಿದು, ಅದು ಅಡಿಕೆ ತೋಟಕ್ಕೆ ಹೋಗಬೇಕು. ಜಡಿಮಳೆ, ಏರು ಬೆಟ್ಟ, ಕರಡದ ಒಣಹುಲ್ಲು. ಇಷ್ಟರಲ್ಲೇ ಬಾಳಿದ್ದು ಮೂರಡಿ ಆಸುಪಾಸಿನ ಈ ಗಟ್ಟಿ ಜೀವ. 1970ರಲ್ಲಿ ಕ್ಷೀರಕ್ರಾಂತಿ ಶುರುವಾಯಿತು. ಡೈರಿಗೆ ಹಾಲು ಹಾಕಿದರೆ ದುಡ್ಡು, ಹಾಗಾಗಿ ಊರ ಹೋರಿಯ ಬದಲು ಜರ್ಸಿ ವೀರ್ಯದ ಇಂಜೆಕ್ಷನ್ ಬಂತು. ಕರುವಿನಿಂದ ಕರುವಿಗೆ ಮೈ ದೊಡ್ಡದಾಯಿತು, ಹಾಲು ಹೆಚ್ಚಿತು, ಮೇವಿನ ಖರ್ಚೂ ಉಣ್ಣಿಯ ಕಾಟವೂ ಹೆಚ್ಚಿತು. ಜರ್ಸಿಯನ್ನು ಅದರ ಹುಟ್ಟೂರಾದ ಜರ್ಸಿ ದ್ವೀಪದಲ್ಲಿ ತಲೆಮಾರುಗಟ್ಟಲೆ ಹಾಲಿಗಾಗಿಯೇ ಆರಿಸುತ್ತಾ ಬಂದರು, ಅದು ಕರು ಇಲ್ಲದೆಯೂ ಹಾಲು ಇಳಿಸುತ್ತದೆ. ಗಿಡ್ಡವನ್ನು ಯಾರೂ ಹಾಗೆ ಆರಿಸಲಿಲ್ಲ. ಅದಕ್ಕೆ ಕರು ಬೇಕೇ ಬೇಕು.

ಮೊದಲು ನೀರು. ಕೈ ಅದ್ದಿದರೆ ಹಿತ ಅನ್ನಿಸುವಷ್ಟೇ ಬಿಸಿ. ಹಳೆ ಸೀರೆ ತುಂಡು ಅದ್ದಿ ಹಿಂಡಿ, ಕೆಚ್ಚಲನ್ನು ಮೇಲಿನಿಂದ ಕೆಳಗೆ ನೀವಿ. ಒರೆಸುವುದಲ್ಲ, ನೀವುವುದು. ಆಮೇಲೆ ಕರು ಬಿಡಿ. ತಲೆಯಲ್ಲಿ ಗುದ್ದಲಿ, ನಾಲ್ಕೂ ಮೊಲೆ ಚೀಪಲಿ, ಅವಸರ ಬೇಡ. ಅದರ ಕಟವಾಯಲ್ಲಿ ನೊರೆ ಕಂಡಿತೋ, ಸೊರೆ ಬಂತು. ಆಗ ಕರುವನ್ನು ಮೂಲೆಗೆ ಎಳೆಯಬೇಡಿ. ತಾಯಿಯ ಮುಂಗಾಲ ಹತ್ತಿರವೇ ಕಟ್ಟಿ, ಅದು ನೆಕ್ಕುತ್ತಾ ನಿಲ್ಲಲಿ. ಮೊದಲ ಧಾರೆಗಳನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ. ಗರಣೆ, ಅಂದರೆ ಹಾಲಿನ ಗಟ್ಟಿ ಚೂರು ಕಂಡರೆ ಕೆಚ್ಚಲು ಬಾವು ಶುರು ಅಂತಲೇ ತಿಳಿಯಿರಿ, ಡಾಕ್ಟರರನ್ನು ಕರೆಸಿ. ಇನ್ನು ಆ ಹೆಬ್ಬೆರಳು! ಮಡಚಿ ಕರೆದರೆ ಮೊಲೆಯ ಒಳಗೆ ಪೆಟ್ಟಾಗುತ್ತದೆ. ನಮ್ಮತ್ತೆ ನನ್ನ ಹೆಬ್ಬೆರಳಿಗೆ ಬಾಳೆನಾರು ಕಟ್ಟಿ ಈ ಚಾಳಿ ಬಿಡಿಸಿದ್ದರು. ಗಿಡ್ಡದ ಮೊಲೆ ಸಣ್ಣದು, ಮುಷ್ಟಿಗೆ ಸಿಗದಿದ್ದರೆ ಬೆರಳಲ್ಲೇ ಎಳೆಯಿರಿ, ಮಡಚುವುದು ಮಾತ್ರ ಬೇಡ.

ಚೊಂಬನ್ನೂ ಮೊದಲು ತಣ್ಣೀರಲ್ಲಿ ತೊಳೆಯಬೇಕು, ಬಿಸಿನೀರು ಆಮೇಲೆ. ಮೊದಲೇ ಬಿಸಿ ಹಾಕಿದರೆ ಹಾಲು ತಳಕ್ಕೆ ಹಿಡಿದು ಹುಳಿ ನಾತ ಹೋಗುವುದಿಲ್ಲ. ಇದನ್ನೂ ಹೇಳಿಕೊಡಬೇಕಾ?

ಕೊನೆಯ ಹಾಲು ಕರುವಿಗೆ ಬಿಡಿ. ಕರೆದಾದ ಮೇಲೆ ದನಕ್ಕೆ ಹಸಿಹುಲ್ಲು ಹಾಕಿ ಅರ್ಧ ಗಂಟೆ ನಿಲ್ಲಿಸಿ. ಮೊಲೆಯ ತೂತು ಇನ್ನೂ ತೆರೆದೇ ಇರುತ್ತದೆ, ಕೂಡಲೇ ಸಗಣಿಯಲ್ಲಿ ಮಲಗಿದರೆ ಬಾವು ಬರುತ್ತದೆ.