ಕೆನಡಾಕ್ಕೆ ಓದಲು ಬಂದವರಿಗೆ: ಗಾಂಜಾ, ಗಮ್ಮಿ ಮತ್ತು ಡಾಕ್ಟರು

ಊರಲ್ಲಿ ಪೊಲೀಸ್ ಕೇಸ್ ಆಗುವ ಗಾಂಜಾ ಟೊರೊಂಟೊದಲ್ಲಿ ಬೀದಿ ಬದಿಯ ಅಂಗಡಿಯಲ್ಲೇ ಸಿಗುತ್ತದೆ. 2018ರ ಅಕ್ಟೋಬರ್ 17ರಿಂದ ಕೆನಡಾದಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆಯಿದೆ. ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ 19 ತುಂಬಿರಬೇಕು, ಕ್ವಿಬೆಕ್‌ನಲ್ಲಿ 21. ಹಾಗಂತ ಏನೂ ಆಗುವುದಿಲ್ಲ ಎಂದುಕೊಳ್ಳಬೇಡಿ. ಸಿಗರೇಟು ಮಾರಲೂ ಸರ್ಕಾರವೇ ಬಿಟ್ಟಿದೆ, ಅಲ್ವಾ?

ಹೊಸಬರು ಎಡವುವುದು ಜಾಸ್ತಿ ಗಮ್ಮಿಯಲ್ಲಿ, ಅಂದರೆ ಗಾಂಜಾ ಬೆರೆಸಿದ ಜಗಿಯುವ ಮಿಠಾಯಿಯಲ್ಲಿ. ತಿಂದ ಗಾಂಜಾ ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಪೂರ್ತಿ ಏರಲು ನಾಲ್ಕು ಗಂಟೆಯೂ ಆಗಬಹುದು. 'ಏನೂ ಆಗ್ತಿಲ್ವಲ್ಲ' ಎಂದು ಇನ್ನೊಂದು ಬಾಯಿಗೆ ಹಾಕಿಕೊಂಡರೆ ಎರಡೂ ಒಟ್ಟಿಗೆ ಏರುತ್ತವೆ. ಎದೆ ಡವಡವ, ಬೆವರು, ಸತ್ತೇ ಹೋಗುತ್ತೇನೆ ಎನ್ನುವ ಭಯ. ಅಂಗಡಿಯ ಒಂದು ಪ್ಯಾಕೆಟ್‌ನಲ್ಲಿ ಟಿಎಚ್‌ಸಿ (ಗಾಂಜಾದಲ್ಲಿ ಅಮಲೇರಿಸುವ ಅಂಶ) 10 ಮಿಲಿಗ್ರಾಂ ಮೀರುವಂತಿಲ್ಲ. ಹೊಸಬರು 2.5 ಮಿಲಿಗ್ರಾಂ ದಾಟಬೇಡಿ ಎನ್ನುತ್ತದೆ ಅಲ್ಲಿನ ಆರೋಗ್ಯ ಇಲಾಖೆ ಹೆಲ್ತ್ ಕೆನಡಾ. ಲೈಸೆನ್ಸ್ ಇಲ್ಲದವರ ಮಾಲಿಗೆ ಈ ಲೆಕ್ಕವೇ ಇಲ್ಲ.

ಮನಸ್ಸಿನ ಮಾತಿಗೆ ಬಂದರೆ, ಮಿದುಳು 25ರ ಆಸುಪಾಸಿನವರೆಗೂ ಬೆಳೆಯುತ್ತಿರುತ್ತದೆ. ಟಿಎಚ್‌ಸಿ ಜಾಸ್ತಿ ಇರುವುದನ್ನು ದಿನಾ ಸೇದುವವರಲ್ಲಿ ಸೈಕೋಸಿಸ್ ಅಪಾಯ ಹೆಚ್ಚು. ಯಾರೋ ಕಿವಿಯಲ್ಲಿ ಮಾತಾಡಿದಂತೆ, ಹಿಂದೆ ಬಿದ್ದಂತೆ ಅನ್ನಿಸತೊಡಗುತ್ತದೆ. ಮನೆತನದಲ್ಲಿ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇದ್ದರೆ ಮುಟ್ಟಲೇಬೇಡಿ. ಮನೆಯವರು ಪಿಸುಮಾತಲ್ಲಿ ಮುಗಿಸಿದ ಚಿಕ್ಕಪ್ಪನ ಕಥೆಯನ್ನು ಒಮ್ಮೆ ಅಮ್ಮನ ಹತ್ತಿರ ಕೇಳಿ ತಿಳಿದುಕೊಳ್ಳಿ. ನಿದ್ದೆಗೆಂದು ಶುರು ಮಾಡಿದವರಿಗೆ ಬಿಡುವಾಗ ನಿದ್ದೆಯೇ ಹತ್ತದು, ಸಿಡಿಮಿಡಿ ಬೇರೆ. ಇದು ಕೆಲವು ದಿನ, ವಾರಗಳಲ್ಲಿ ತಗ್ಗುತ್ತದೆ.

ಇನ್ನೊಂದು ವಿಚಿತ್ರ ತೊಂದರೆಯಿದೆ. ವರ್ಷಗಟ್ಟಲೆ ಸೇದಿದ ಕೆಲವರಿಗೆ ವಾಂತಿ ನಿಲ್ಲುವುದೇ ಇಲ್ಲ, ಬಿಸಿನೀರು ಮೈಮೇಲೆ ಬಿದ್ದಾಗಷ್ಟೇ ಆರಾಮ. ಗಾಂಜಾ ವಿಷಯ ಬಾಯಿ ಬಿಡದಿದ್ದರೆ ಗ್ಯಾಸ್ಟ್ರಿಕ್ ಎಂದು ಸುಮ್ನೆ ಅಲೆಯಬೇಕಾಗುತ್ತದೆ.

ಹಾಗಾಗಿ ಡಾಕ್ಟರ ಹತ್ತಿರ ನಿಜ ಹೇಳಿ. ಏನು, ಎಷ್ಟು, ಯಾವಾಗ, ಮೂರನ್ನೂ. ಗಾಂಜಾ ತೆಗೆದುಕೊಂಡಿರಿ ಎಂಬ ಕಾರಣಕ್ಕೆ ಅವರು ಪೊಲೀಸರಿಗಾಗಲಿ, ಊರಿನ ಅಪ್ಪನಿಗಾಗಲಿ ಫೋನ್ ಮಾಡುವುದಿಲ್ಲ. ಎದೆನೋವು, ಪ್ರಜ್ಞೆ ತಪ್ಪುವುದು ಇದ್ದರೆ 911. ನರ್ಸ್ ಸಲಹೆಗೆ ಒಂಟಾರಿಯೊದಲ್ಲಿ 811. ಸಾಯುವ ಯೋಚನೆ ಬಂದರೆ 988, ಹಗಲು ರಾತ್ರಿ ಯಾವಾಗಲಾದರೂ. ಒಹಿಪ್ (ಒಂಟಾರಿಯೊ ಸರ್ಕಾರದ ಆರೋಗ್ಯ ವಿಮೆ) ಇಲ್ಲದ ವಿದ್ಯಾರ್ಥಿಗಳು ಯುಹಿಪ್ (ವಿಶ್ವವಿದ್ಯಾಲಯದ ಆರೋಗ್ಯ ವಿಮೆ) ಅಥವಾ ಕಾಲೇಜಿನ ಇನ್ಶೂರೆನ್ಸ್ ಕಾರ್ಡ್ ಜೊತೆಗಿಟ್ಟುಕೊಳ್ಳಿ.

ಕಾರಿನ ವಿಷಯದಲ್ಲಿ ಮಾತ್ರ ಕರುಣೆಯಿಲ್ಲ. ಒಂಟಾರಿಯೊದಲ್ಲಿ ಜಿ1, ಜಿ2 ಲೈಸೆನ್ಸಿನವರ (ಹೊಸ ಚಾಲಕರ) ಮೈಯಲ್ಲಿ ಗಾಂಜಾ ಸ್ವಲ್ಪವೂ ಪತ್ತೆಯಾಗಬಾರದು. ಅಮಲಿನಲ್ಲಿ ಓಡಿಸಿ ಶಿಕ್ಷೆಯಾದರೆ ಪಿಆರ್ (ಕಾಯಂ ವಾಸದ ಹಕ್ಕು) ಕೂಡ ಕೈತಪ್ಪಬಹುದು. ಊರಿಗೆ ಹೊರಡುವಾಗ ಜಾಕೆಟ್ ಜೇಬೂ ನೋಡಿಕೊಳ್ಳಿ. ಒಂದೇ ಒಂದು ಗಮ್ಮಿಯಾದರೂ ಗಡಿ ದಾಟಿಸುವುದು ಅಪರಾಧ.