ಓಣಿಯ ಸುಶಿ ಅಂಗಡಿಯಲ್ಲಿ ಬಾಯಿಬಿಟ್ಟು ಬೆಲೆ ಕೇಳಿ

ಚಾಪ್‌ಸ್ಟಿಕ್ ಹಿಡಿಯೋದು ಹೇಗೆ, ಬೆಲ್ಟಿನ ಮೇಲೆ ಬರೋ ತಟ್ಟೆ ಎತ್ತಿಕೊಳ್ಳೋದು ಹೇಗೆ ಅನ್ನೋದನ್ನೆಲ್ಲ ಇಲ್ಲಿ ಬರೆಯೋದಿಲ್ಲ. ಹಾಸನ, ಚಿಕ್ಕಮಗಳೂರು ಕಡೆಯಿಂದ ಜಪಾನಿಗೆ ಹೊರಟ ಹುಡುಗರು ವಿಮಾನ ಹತ್ತುವ ಮುಂಚೆಯೇ ಅಷ್ಟನ್ನು ಮೊಬೈಲಿನಲ್ಲಿ ನೋಡಿ ಮುಗಿಸಿರುತ್ತಾರೆ. ನಾನು ಹೇಳುತ್ತಿರೋದು ಬೆಲ್ಟ್ ಇಲ್ಲದ ಸುಶಿ ಅಂಗಡಿಯ ವಿಷಯ. ಸುಶಿ ಅಂದರೆ ವಿನೆಗರ್ ಬೆರೆಸಿದ ಅನ್ನ, ಜೊತೆಗೆ ಹೆಚ್ಚಾಗಿ ಹಸಿ ಮೀನು. ರೈಲು ನಿಲ್ದಾಣದ ಹಿಂದಿನ ಓಣಿ, ಬಾಗಿಲಿಗೆ ಇಳಿಬಿಟ್ಟ ಮಾಸಲು ನೀಲಿ ಬಟ್ಟೆ, ಒಳಗೆ ಏಳೆಂಟು ಸ್ಟೂಲು, ಮರದ ಕಟ್ಟೆಯ ಆಚೆ ವಯಸ್ಸಾದ ಯಜಮಾನ, ಲೋಟ ತೊಳೆಯುತ್ತಲೇ ಬಿಲ್ಲೂ ಬರೆಯುವ ಯಜಮಾನಿ. ಮಧ್ಯಾಹ್ನ ಹೋದರೆ ಸಾವಿರದಿಂದ ಸಾವಿರದೈನೂರು ಯೆನ್‌ಗೆ ಊಟ ಮುಗಿಯುತ್ತೆ. ಅದೇ ಅಂಗಡಿಗೆ ರಾತ್ರಿ ಹೋಗಿ ತಪ್ಪು ಮಾತು ಆಡಿದರೆ ಅರ್ಧ ತಿಂಗಳ ದಿನಸಿ ದುಡ್ಡು ಒಂದೇ ಕೂತಲ್ಲಿ ಕರಗುತ್ತೆ.

ಜಪಾನಿನಿಂದ ರಜೆಗೆ ಹಾಸನಕ್ಕೆ ಬಂದಾಗಲೆಲ್ಲ ಇದನ್ನು ಯಾರಿಗಾದರೂ ಹೇಳುತ್ತಲೇ ಇರುತ್ತೇನೆ. ಈ ಸಲ ನಗೋಯಾಗೆ ಹೊರಟ ಇಬ್ಬರು ಹುಡುಗರು ಅಪ್ಪಂದಿರ ಸಮೇತ ಮನೆಗೆ ಬಂದಿದ್ದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ಅರಕಲಗೂಡಿನವನೊಬ್ಬ, ಮೂಡಿಗೆರೆಯವನೊಬ್ಬ, ಇಬ್ಬರೂ ಟೋಕಿಯೋಗೆ ಬಂದ ಹೊಸದು. ಸಂಬಳದ ದಿನ ಸಂಜೆ ಮನೆ ಹತ್ತಿರದ ಇಂಥದ್ದೇ ಅಂಗಡಿಗೆ ನುಗ್ಗಿದರು. ವಿಡಿಯೊ ನೋಡಿ ಕಲಿತಿದ್ದ ಒಬ್ಬ ಗತ್ತಿನಿಂದ 'ಒಮಕಾಸೆ' ಅಂದ. ಅಂದರೆ ನಿಮಗೆ ಸರಿ ಕಂಡದ್ದು ಕೊಡಿ ಅಂತ. ಅಲ್ಲಿಗೆ ಮುಗಿಯಿತು. ಯಜಮಾನನಿಗೆ ಖುಷಿಯೋ ಖುಷಿ. ಕೊಬ್ಬಿನ ಟ್ಯೂನಾ ಬಂತು, ಕಡಲ ಮುಳ್ಳುಚೆಂಡಿನ ಹಳದಿ ಉನಿ ಬಂತು, ಅವಾಬಿ ಅನ್ನುವ ದೊಡ್ಡ ಕಡಲಚಿಪ್ಪಿನ ಮಾಂಸ ಬಂತು. ಹುಡುಗರು ಗೋಡೆಗೆ ನೇತುಹಾಕಿದ್ದ ಮರದ ಪಟ್ಟಿಗಳತ್ತ ಬೆರಳು ಮಾಡಿ 'ಅದೊಂದು, ಇದೊಂದು' ಅಂತ ಮತ್ತೂ ತರಿಸಿಕೊಂಡರು. ಕೊನೆಗೆ ಬಂದದ್ದು ಅಂಗೈಯಗಲದ ಚೀಟಿ. ಏನು ತಿಂದರು, ಒಂದೊಂದಕ್ಕೆ ಎಷ್ಟು ಅನ್ನುವ ವಿವರ ಒಂದಕ್ಷರ ಇಲ್ಲ, ಪೆನ್ಸಿಲಿನಲ್ಲಿ ಬರೆದ ಒಂದೇ ಮೊತ್ತ: 27,400. ನಮ್ಮ ಲೆಕ್ಕಕ್ಕೆ ಹದಿನೈದು ಸಾವಿರ ರೂಪಾಯಿಗೂ ಮೇಲೆ. ಅಂಗಡಿಯಲ್ಲಿ ಕಾರ್ಡ್ ತೆಗೆದುಕೊಳ್ಳೋದಿಲ್ಲ. ಜೇಬಿನಲ್ಲಿ ಹತ್ತು ಸಾವಿರ ಯೆನ್ ಇತ್ತು. ಮೂಡಿಗೆರೆಯವನನ್ನು ಸ್ಟೂಲಿನ ಮೇಲೆ ಒತ್ತೆ ಇಟ್ಟ ಹಾಗೆ ಕೂರಿಸಿ ಇನ್ನೊಬ್ಬ ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯ ಎಟಿಎಂ ಹುಡುಕಿಕೊಂಡು ಓಡಿದ. ಕಾಯುತ್ತಿದ್ದವನಿಗೆ ಯಜಮಾನಿ ಎರಡು ಸಲ ಬಿಸಿ ಟೀ ತುಂಬಿಸಿಕೊಟ್ಟರಂತೆ. 'ಅಣ್ಣ, ಆ ಟೀಗೂ ಎಷ್ಟು ಹಾಕ್ತಾರೋ ಅಂತ ಗಂಟಲಲ್ಲಿ ಇಳೀಲಿಲ್ಲ' ಅಂದ. ಟೀ ಪುಕ್ಕಟೆ. ಶುಂಠಿ ಉಪ್ಪಿನಕಾಯೂ ಪುಕ್ಕಟೆ. ಅವೆರಡೇ ಪುಕ್ಕಟೆ.

ಬಂದ ಹೊಸದರಲ್ಲಿ ನಾನೂ ಇದೇ ಹಳ್ಳಕ್ಕೆ ಬಿದ್ದವನು, ಮೊತ್ತ ಮಾತ್ರ ಬೇರೆ. ಆಮೇಲೆ ಬಂದವರೂ ಒಬ್ಬೊಬ್ಬರಾಗಿ ಬೀಳೋದನ್ನ ನೋಡಿ ಸಾಕಾಗಿದೆ.

ಇದು ಮೋಸವಾ? ಅಲ್ಲ. ಇದನ್ನು ಹುಡುಗರಿಗೆ ಒಪ್ಪಿಸೋದೇ ಕಷ್ಟ. ಗೋಡೆಯ ಮರದ ಪಟ್ಟಿಗಳಲ್ಲಿ ಮೀನಿನ ಹೆಸರಿರುತ್ತೆ, ಕೆಲವಕ್ಕೆ ಬೆಲೆಯೂ ಇರುತ್ತೆ, ಕೆಲವಕ್ಕೆ ಬೆಲೆಯ ಜಾಗದಲ್ಲಿ ಎರಡೇ ಎರಡು ಅಕ್ಷರ: 'ಜಿಕಾ'. ಇವತ್ತಿನ ಮಾರುಕಟ್ಟೆ ದರ ಅಂತ. ಆ ಎರಡರಲ್ಲಿ ಮೊದಲನೆಯ ಅಕ್ಷರವನ್ನು ಗುರುತು ಹಿಡಿಯೋದು ಸುಲಭ, ಎಡಗಡೆ ಉದ್ದುದ್ದನೆಯ ಚೌಕ, ಅದರ ನಡುವೆ ಒಂದು ಅಡ್ಡಗೆರೆ. ಕುಂಚದಲ್ಲಿ ಬರೆದಿದ್ದರೆ ಫೋನಿನ ಅನುವಾದದ ಆ್ಯಪು ಬಹಳ ಸಲ ತಡವರಿಸುತ್ತೆ, ಅದನ್ನು ನಂಬಬೇಡಿ. ಅದು ಕಂಡರೆ, ಅಥವಾ ಹೆಸರಿನ ಕೆಳಗೆ ಏನೂ ಬರೆಯದಿದ್ದರೆ, ಅತ್ತ ಬೆರಳು ತೋರಿಸುವ ಮುಂಚೆ ಬಾಯಿ ಬಿಡಿ. ಬೆಲೆ ಬರೆದಿದ್ದರೂ ಒಂದೊಂದು ಕಡೆ ಸೊನ್ನೆ, ಒಂದು, ಎರಡು ಇರೋದಿಲ್ಲ, ಅವರ ಲಿಪಿಯ ಅಂಕಿ ಇರುತ್ತೆ. ಹತ್ತರವರೆಗೆ, ಆಮೇಲೆ ನೂರು, ಸಾವಿರದ ಗುರುತುಗಳನ್ನು ಒಂದು ಭಾನುವಾರ ಕೂತು ಕಲಿತುಬಿಡಿ.

ನಗೋಯಾಗೆ ಹೊರಟ ಹುಡುಗನ ಅಪ್ಪ ಇದನ್ನು ಕೇಳಿ, 'ಬೆಲೆ ಕೇಳ್ದೇನೇ ತಿಂದ್ರಾ? ಸಂತೇಲಿ ಹಂಗೆ ಮಾಡ್ತಾರಾ ಯಾರಾದ್ರೂ?' ಅಂದರು. ಸರಿಯಾದ ಪ್ರಶ್ನೆ. ಹಾಸನಕ್ಕೆ ಕಡಲ ಮೀನು ಮಂಗಳೂರು ಕಡೆಯಿಂದ ಶಿರಾಡಿ ಘಾಟಿ ಹತ್ತಿ ಬರಬೇಕು. ಮಳೆಗಾಲದಲ್ಲಿ ಘಾಟಿ ಕುಸಿದರೆ ರೇಟು ಬೇರೆ, ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರೋವಾಗ ರೇಟು ಬೇರೆ. ನಮ್ಮ ಮೀನಂಗಡಿಯಲ್ಲೂ ಬೋರ್ಡ್ ಇರೋದಿಲ್ಲ. ಆದರೆ 'ಇವತ್ತು ಬಂಗುಡೆ ಹೆಂಗೆ?' ಅಂತ ಕೇಳದೆ ಯಾರೂ ಚೀಲ ಬಿಚ್ಚೋದಿಲ್ಲ. ಟೋಕಿಯೋದ ಯಜಮಾನನೂ ಬೆಳಗ್ಗೆ ತೊಯೋಸು ಸಗಟು ಮಾರುಕಟ್ಟೆಗೆ ಹೋಗಿ ಅವತ್ತಿನ ದರಕ್ಕೇ ಮೀನು ತಂದಿರುತ್ತಾನೆ. 2018ರ ಅಕ್ಟೋಬರ್‌ನಲ್ಲಿ ತ್ಸುಕಿಜಿಯಿಂದ ಅಲ್ಲಿಗೆ ಸ್ಥಳಾಂತರವಾದ ಮಾರುಕಟ್ಟೆ ಅದು. ಗಾಳಿ ಜೋರಿದ್ದು ದೋಣಿ ಇಳಿಯದಿದ್ದರೆ ಅವನಿಗೂ ದುಬಾರಿ. ವ್ಯತ್ಯಾಸ ಎಲ್ಲಿದೆ ಅಂದರೆ, ಅವನ ಗಿರಾಕಿಗಳು ಇಪ್ಪತ್ತು ವರ್ಷದಿಂದ ಬರುವ ಓಣಿಯ ಜನ. ಅವರಿಗೆ ಅಂದಾಜು ಗೊತ್ತು, ಅವರ ಜೇಬು ಎಷ್ಟು ಆಳ ಅಂತ ಅವನಿಗೂ ಗೊತ್ತು. ನೀವು ಇಬ್ಬರ ಲೆಕ್ಕದಲ್ಲೂ ಇಲ್ಲ. ಊರಲ್ಲಿ ಹತ್ತು ರೂಪಾಯಿಗೆ ಚೌಕಾಸಿ ಮಾಡೋ ನಮ್ಮವರು ಅಲ್ಲಿ ಮರದ ಕಟ್ಟೆಯ ಮುಂದೆ ಕೂತ ಕೂಡಲೇ ಯಾಕೆ ಮೂಗರಾಗುತ್ತಾರೋ!

ನನ್ನನ್ನು ಕೇಳಿದರೆ ಈ ಒಂದು ವಿಷಯದಲ್ಲಿ ನಮ್ಮ ದರ್ಶಿನಿಯೇ ವಾಸಿ. ಗೋಡೆ ತುಂಬ ರೇಟು, ಮೊದಲು ದುಡ್ಡು, ಆಮೇಲೆ ಟೋಕನ್, ಎದೆಬಡಿತ ಇಲ್ಲದೆ ದೋಸೆ. ಜಪಾನಿನಲ್ಲಿ ಬೆಲೆ ಬರೆದರೆ ತೆರಿಗೆ ಸೇರಿಸಿಯೇ ಬರೆಯಬೇಕು ಅಂತ 2021ರ ಏಪ್ರಿಲ್‌ನಿಂದ ಕಡ್ಡಾಯ ಮಾಡಿದ್ದಾರೆ. ಬೆಲೆಯನ್ನೇ ಬರೆಯದವನಿಗೆ ಅದರಿಂದ ಏನು ತೊಂದರೆ? ಈ ಹೆದರಿಕೆ ಜಪಾನಿನವರಿಗೂ ಇದೆ. 1958ರಲ್ಲಿ ಒಸಾಕಾ ಬದಿಯಲ್ಲಿ ಶಿರೈಶಿ ಯೊಶಿಯಾಕಿ ಅನ್ನುವವರು ಬಿಯರ್ ಕಾರ್ಖಾನೆಯ ಬೆಲ್ಟ್ ನೋಡಿ ಗೆನ್ರೊಕು ಅನ್ನುವ ಮೊದಲ ಸುತ್ತು-ಸುಶಿ ಅಂಗಡಿ ತೆರೆದರು. ಮುಂದೆ ಆ ಪದ್ಧತಿ ಮನೆಮನೆಯವರನ್ನೂ ಸೆಳೆದದ್ದು ಬರೀ ಅಗ್ಗದಿಂದ ಅಲ್ಲ. ಖಾಲಿ ತಟ್ಟೆ ಎಣಿಸಿದರೆ ಬಿಲ್ಲು ಎಷ್ಟು ಅಂತ ಏಳುವ ಮುಂಚೆಯೇ ಗೊತ್ತಾಗುತ್ತೆ, ಅದೂ ಒಂದು ಕಾರಣ.

ಹಾಗಾದರೆ ಓಣಿಯ ಅಂಗಡಿಯಲ್ಲಿ ಏನು ಹೇಳಬೇಕು? 'ನಾಮಿ, ಇಚಿನಿನ್‌ಮಾಎ' ಅನ್ನಿ. ಸಾಧಾರಣ ಸೆಟ್, ಒಬ್ಬರಿಗೆ. ಬೆಲೆ ನಿಗದಿ, ಏಳೆಂಟು ನಿಗಿರಿ (ಅನ್ನದ ಪುಟ್ಟ ಉಂಡೆ, ಮೇಲೊಂದು ಮೀನಿನ ತುಂಡು), ಸಾಮಾನ್ಯವಾಗಿ ಜೊತೆಗೊಂದು ಕಡಲಪಾಚಿಯಲ್ಲಿ ಸುತ್ತಿದ ಸುರುಳಿ. ಅದರ ಮೇಲಿನದು 'ಜೋ', ಇನ್ನೂ ಮೇಲಿನದು 'ತೊಕುಜೋ'. ನಾಮಿ ಕೇಳಿದರೆ ಮರ್ಯಾದೆ ಹೋಗುತ್ತೆ ಅಂತ ನಮ್ಮ ಹುಡುಗರಿಗೆ ಒಂದು ಭ್ರಮೆ. ಪಕ್ಕದ ಸ್ಟೂಲಿನಲ್ಲಿ ಕೋಟು ಹಾಕಿಕೊಂಡು ಕೂತಿರುವ ಆಫೀಸಿನವನೂ ಮಧ್ಯಾಹ್ನ ಅದನ್ನೇ ತಿನ್ನುತ್ತಾನೆ. ಸೆಟ್ ಮುಗಿದ ಮೇಲೆ ಆಸೆಯಾದರೆ ಒಂದೆರಡು ಬಿಡಿಯಾಗಿ ತರಿಸಿಕೊಳ್ಳಿ, ಬೆಲೆ ಕೇಳಿ. ಬೆಲ್ಟ್ ಅಂಗಡಿಯ ತಟ್ಟೆಯಲ್ಲಿ ಹೆಚ್ಚಾಗಿ ಎರಡು ತುಂಡು ಇರುತ್ತೆ, ಇಲ್ಲಿ ಬರೆದಿರುವ ಬೆಲೆ ಒಂದಕ್ಕೇ ಇರಬಹುದು, ಅದನ್ನೂ ಕೇಳಿ. ಒಮಕಾಸೆಯೇ ಬೇಕು ಅನ್ನೋ ಹಟ ಇದ್ದರೆ ಮೊತ್ತ ಸೇರಿಸಿ ಹೇಳಿ, 'ಸನ್‌ಜೆನ್ ಎನ್ ಗುರೈ ದೆ' ಅಂದರೆ ಮೂರು ಸಾವಿರದ ಆಸುಪಾಸಿನಲ್ಲಿ. ಯಜಮಾನ ಮುಖ ಸಿಂಡರಿಸೋದಿಲ್ಲ, ಅವನಿಗೂ ನಿರಾಳ. ಅಷ್ಟರೊಳಗೆ ಆಗೋದಿಲ್ಲ ಅನ್ನಿಸಿದರೆ ಅಲ್ಲೇ ಹೇಳಿಬಿಡುತ್ತಾನೆ. ರಾತ್ರಿ ಬಿಯರ್ ತರಿಸಿದರೆ ನೀವು ಕೇಳದ ಒಂದು ಪುಟ್ಟ ಬಟ್ಟಲು ಮುಂದೆ ಬರಬಹುದು. ಅದು 'ಒತೊಶಿ', ಅದಕ್ಕೆ ಮುನ್ನೂರೋ ನಾನೂರೋ ಬಿಲ್ಲಿಗೆ ಸೇರುತ್ತೆ. ಅದರ ಮೇಲೆ ಜಗಳ ಬೇಡ.

ಬೈ ಟು ಮರೆತುಬಿಡಿ. ಕಾಫಿ ಬೈ ಟು, ಸೂಪ್ ಬೈ ಟು ಮಾಡಿಕೊಂಡು ಬೆಳೆದವರು ನಾವು, ನಾಲ್ಕು ಜನ ಹೋಗಿ ಎರಡು ಸೆಟ್ ಹೇಳಿ ಹಂಚಿಕೊಳ್ಳೋಣ ಅನ್ನಿಸೋದು ಸಹಜ. ಎಂಟು ಸ್ಟೂಲಿನ ಅಂಗಡಿಯಲ್ಲಿ ಪ್ರತಿ ಸ್ಟೂಲೂ ಅವನ ಬಾಡಿಗೆ ಕಟ್ಟಬೇಕು. ಒಬ್ಬರಿಗೆ ಒಂದು ಸೆಟ್, ಅಷ್ಟೇ. ನಾಲ್ವರು ಒಟ್ಟಿಗೆ ಹೋಗಬೇಡಿ, ಇಬ್ಬಿಬ್ಬರಾಗಿ ಹೋಗಿ. ತಿಂದು ಮುಗಿದ ಮೇಲೆ ಊರಿನ ರಾಜಕೀಯ ಬಿಚ್ಚಿಕೊಂಡು ಕೂರಬೇಡಿ, ಹೊರಗೆ ಜನ ನಿಂತಿದ್ದರಂತೂ ಎದ್ದುಬಿಡಿ. ಮೀನು ಮಾತ್ರ ಎತ್ತಿ ತಿಂದು ಅನ್ನ ಬಿಡೋದು ಇನ್ನೊಂದು ಕೆಟ್ಟ ಚಾಳಿ. ಹೊಟ್ಟೆ ಭಾರ ಅನ್ನಿಸಿದರೆ ಮೊದಲೇ 'ಶಾರಿ ಸುಕುನಮೆ' ಅನ್ನಿ, ಅನ್ನ ಕಮ್ಮಿ ಹಿಡಿದು ಕೊಡುತ್ತಾನೆ. ಕೈಯಲ್ಲಿ ತಿಂದರೆ ಯಾರೂ ಏನೂ ಅಂದುಕೊಳ್ಳೋದಿಲ್ಲ, ಇದರಲ್ಲಿ ನಮಗೆ ಹುಟ್ಟಿನಿಂದಲೇ ಅಭ್ಯಾಸ. ಸೋಯಾ ಸಾಸಿಗೆ ಅದ್ದಬೇಕಾದ್ದು ಮೀನಿನ ಮಗ್ಗುಲು. ಅನ್ನದ ಮಗ್ಗುಲು ಅದ್ದಿದರೆ ಬಟ್ಟಲಲ್ಲೇ ಉದುರುತ್ತೆ.

ಯಾವ ಮೀನು? ಬಂಗುಡೆ, ಭೂತಾಯಿ ತಿಂದು ಬೆಳೆದವರಿಗೆ ಇಲ್ಲೊಂದು ಲಾಭ ಇದೆ. ಹೊಸಬರೆಲ್ಲ ಸಾಲ್ಮನ್, ಕೊಬ್ಬಿನ ಟ್ಯೂನಾ ಅಂತ ಮುಗಿಬೀಳುತ್ತಾರೆ. ನೀವು ಬೆಳ್ಳಿ ಚರ್ಮದ ಮೀನು ಕೇಳಿ. ಸಾಬಾ ನಮ್ಮ ಬಂಗುಡೆಯ ಬಳಗದ್ದು, ಇವಾಶಿ ಭೂತಾಯಿಯ ಬಳಗದ್ದು, ಅಜಿ, ಕೊಹಾದಾ ಕೂಡ ಇದೇ ಸಾಲಿನವು. ಸಾಮಾನ್ಯವಾಗಿ ಅಗ್ಗ. ಉಪ್ಪು ಹಾಕಿ, ವಿನೆಗರ್‌ನಲ್ಲಿ ನೆನೆಸಿ ಹದ ಮಾಡೋದರಲ್ಲೇ ಯಜಮಾನನ ಕೈಗುಣ ಗೊತ್ತಾಗೋದು. ನೀವಾಗಿ ಕೊಹಾದಾ ಕೇಳಿದರೆ ಅವನು ಒಂದು ಸಲ ತಲೆ ಎತ್ತಿ ನೋಡುತ್ತಾನೆ.

ಇಲ್ಲೇ ಒಂದು ಎಚ್ಚರಿಕೆ, ತಮಾಷೆ ಅಲ್ಲ. ರಜೆಗೆ ಊರಿಗೆ ಬಂದಾಗ ಗೊರೂರು ಹಿನ್ನೀರಿನ ಮೀನನ್ನೋ, ಪೇಟೆಯಲ್ಲಿ ಸಿಕ್ಕಿದ ಬಂಗುಡೆಯನ್ನೋ ಹಸಿಯಾಗಿ ಕೊಯ್ದು ಮನೆಯವರಿಗೆ ಸುಶಿ ಮಾಡಿ ತೋರಿಸಲು ಹೋಗಬೇಡಿ. ಸಿಹಿನೀರಿನ ಮೀನಿನಲ್ಲಿ ಮನುಷ್ಯರ ಒಳಗೂ ಬದುಕುವ ಹುಳ ಇರಬಹುದು, ಸುಶಿ ಅಂಗಡಿಯವನೂ ಅದನ್ನು ಹಸಿ ಕೊಡೋದಿಲ್ಲ. ಕಡಲ ಮೀನಿನಲ್ಲೂ ಅನಿಸಾಕಿಸ್ ಅನ್ನುವ ಹುಳ ಇರಬಹುದು. ಅದು ವಿನೆಗರ್‌ಗೂ ಸಾಯೋದಿಲ್ಲ, ಮೂಗಿಗೇರುವ ವಸಾಬಿ ಖಾರಕ್ಕೂ ಸಾಯೋದಿಲ್ಲ. ಮೈನಸ್ 20 ಡಿಗ್ರಿಯಲ್ಲಿ 24 ತಾಸು ಹೆಪ್ಪುಗಟ್ಟಿಸಬೇಕು, ಇಲ್ಲ ಬೇಯಿಸಬೇಕು. ಘಾಟಿ ಹತ್ತಿ ಬಂದ ಐಸ್ ಪೆಟ್ಟಿಗೆಯ ಮೀನಿಗೆ ನಮ್ಮ ಖಾರದ ಸಾರೇ ಸರಿ.

ಸಸ್ಯಾಹಾರಿ ಅಪ್ಪ-ಅಮ್ಮ ನೋಡಲು ಬಂದಾಗ ಅವರನ್ನು ಈ ಅಂಗಡಿಗೆ ಕರೆದೊಯ್ಯೋದು ಬೇಡ. ಸೌತೆಕಾಯಿ ಸುರುಳಿ, 'ಕಪ್ಪಾ ಮಾಕಿ', ಒಂದೇ ಹೆಚ್ಚುಕಮ್ಮಿ ನಂಬಬಹುದಾದ್ದು. ಕರಿದ ತೋಫುವಿನ (ಸೋಯಾ ಪನೀರಿನ) ಸಿಹಿ ಚೀಲಕ್ಕೆ ಅನ್ನ ತುಂಬಿದ ಇನಾರಿ, ಒಣಗಿಸಿದ ಸೋರೆಕಾಯಿ ಎಳೆಯ ಕಾನ್‌ಪ್ಯೋ ಸುರುಳಿ ನೋಡೋಕೆ ತರಕಾರಿಯೇ, ಆದರೆ ಬೇಯಿಸೋದು ಬಹುತೇಕ ಒಣಮೀನಿನ ದಾಶಿ ರಸದಲ್ಲಿ. ಹುದುಗಿಸಿದ ಸೋಯಾದ ಮಿಸೊ ಸಾರೂ ಅಷ್ಟೆ. 'ಮೀನು ಇಲ್ಲ ತಾನೆ?' ಅಂತ ಕೇಳಿದರೆ 'ಇಲ್ಲ' ಅಂತಲೇ ಉತ್ತರ ಬರುತ್ತೆ, ಅವರ ಪ್ರಕಾರ ರಸ ಮೀನಲ್ಲ. ಸುಳ್ಳು ಹೇಳಿದರು ಅಂತ ಕೋಪ ಬೇಡ, 'ದಾಶಿ' ಹಾಕಿದ್ದೀರಾ ಅಂತ ಹೆಸರು ಹಿಡಿದು ಕೇಳಿ.

ದುಡ್ಡಿನದ್ದು ಇನ್ನು ಸ್ವಲ್ಪ. ನಗದು ಇಟ್ಟುಕೊಂಡೇ ಹೋಗಿ. ಕಾರ್ಡಿನ ಗುರುತು ಬಾಗಿಲಲ್ಲಿ ಕಂಡರೆ ಪುಣ್ಯ. ಟಿಪ್ಸ್ ಕೊಡಬೇಡಿ, ಬಿಟ್ಟು ಬಂದರೆ ಮರೆತಿರಿ ಅಂತ ಓಣಿಯ ತುದಿವರೆಗೂ ಹಿಂದೆ ಓಡಿ ಬಂದು ಕೊಡುತ್ತಾರೆ. ಈ ವಿಷಯದಲ್ಲಿ ಅವರದ್ದೇ ಮೇಲು, ನಮ್ಮಲ್ಲಿ ಬಿಲ್ಲಿನ ಜೊತೆ ಸೋಂಪಿನ ತಟ್ಟೆ ಬಂದ ಕೂಡಲೇ ಶುರುವಾಗುವ ಮುಜುಗರ ಅಲ್ಲಿಲ್ಲ. ಕೂತು ತಿಂದರೆ ತೆರಿಗೆ 10 ಶೇಕಡಾ, ಕಟ್ಟಿಸಿಕೊಂಡು ಹೋದರೆ 8. ಕೈ ಬಿಗಿಯಿರುವ ತಿಂಗಳಲ್ಲಿ ನಾಮಿ ಸೆಟ್ಟನ್ನೇ ಕಟ್ಟಿಸಿಕೊಂಡು ಮನೆಯಲ್ಲಿ ತಿನ್ನಿ, ಬೆಲೆ ಮೊದಲೇ ಗೊತ್ತು, ಊರಿನ ರಾಜಕೀಯವನ್ನೂ ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು. ಭಾನುವಾರ ಮತ್ತು ಬಹುಪಾಲು ಬುಧವಾರ ತೊಯೋಸು ಮಾರುಕಟ್ಟೆಗೆ ರಜೆ. ಎಷ್ಟೋ ಸಣ್ಣ ಅಂಗಡಿಗಳೂ ಅದೇ ದಿನ ಬಾಗಿಲು ಹಾಕುತ್ತವೆ. ನೀಲಿ ಬಟ್ಟೆ ಬಾಗಿಲ ಹೊರಗೆ ತೂಗುತ್ತಿದ್ದರೆ ಅಂಗಡಿ ತೆರೆದಿದೆ ಅಂತ, ಒಳಗೆ ಎಳೆದುಕೊಂಡಿದ್ದರೆ ದೀಪ ಉರಿಯುತ್ತಿದ್ದರೂ ತಟ್ಟಬೇಡಿ.