ಡೆಂಗಿ ವೈರಸ್‌ನ ಮೈನಸ್ ಎಳೆಯನ್ನು ನಾನು ಅಳೆಯುವ ಬಗೆ

ಸೆಲ್‌ಗಳಲ್ಲಿ ಡೆಂಗಿ ವೈರಸ್‌ನ ಆರ್‌ಎನ್‌ಎ ಎಷ್ಟಿದೆ ಎಂದು ಅಳೆಯುವುದು ಕಷ್ಟವಲ್ಲ. ಆದರೆ ಅದು ಹೊರಗಿನಿಂದ ಬಂದು ಸುಮ್ನೆ ಅಂಟಿಕೊಂಡಿದ್ದೋ, ಒಳಗೆ ಹೊಸದಾಗಿ ತಯಾರಾಗಿದ್ದೋ? ಸಾಮಾನ್ಯ ಪಿಸಿಆರ್ (ಆಯ್ದ ಒಂದು ತುಣುಕನ್ನು ಕೋಟಿಗಟ್ಟಲೆ ನಕಲು ಮಾಡಿ ಪತ್ತೆಹಚ್ಚುವ ವಿಧಾನ) ಇದನ್ನು ಹೇಳುವುದಿಲ್ಲ. ವೈರಸ್ ಸೆಲ್‌ನೊಳಗೆ ನಕಲಾಗುವಾಗ ಮಾತ್ರ ಅದರ ಆರ್‌ಎನ್‌ಎಗೆ ಎದುರು ಜೋಡಿಯಾದ ಮೈನಸ್ ಎಳೆ ಹುಟ್ಟುತ್ತದೆ. ಅದಕ್ಕೇ ನಾನು ಮೈನಸ್ ಎಳೆಯ ಬೆನ್ನು ಹತ್ತಿದೆ.

ವೈರಸ್ ಹೊತ್ತು ತರುವುದು ಪ್ಲಸ್ ಎಳೆಯನ್ನು, ಸುಮಾರು 10,700 ಅಕ್ಷರಗಳ ಒಂದೇ ಆರ್‌ಎನ್‌ಎ. ಸೆಲ್‌ನ ರೈಬೋಸೋಮ್ ಅದನ್ನು ನೇರವಾಗಿ ಓದಿ ಉದ್ದನೆಯ ಒಂದು ಪ್ರೋಟೀನ್ ಕಟ್ಟುತ್ತದೆ. ಅದು ಕತ್ತರಿಸಿ 10 ಪ್ರೋಟೀನ್ ಆಗುತ್ತದೆ. ಅವುಗಳಲ್ಲಿ ಎನ್‌ಎಸ್5 ನಕಲು ತೆಗೆಯುವ ಕಿಣ್ವ. ತಮಾಷೆ ಏನೆಂದರೆ, ಅದು ಮೊದಲು ಹಿಡಿಯುವುದು ಎಳೆಯ ಮುಂದಿನ ತುದಿಯನ್ನು, ನಕಲು ಶುರುಮಾಡುವುದು ಕೊನೆಯ ತುದಿಯಿಂದ! ಎರಡೂ ತುದಿಗಳು ಜೋಡಿಯಾಗಿ ಎಳೆ ಉಂಗುರದಂತಾಗುವುದರಿಂದ ಇದು ಸಾಧ್ಯ. ಹೀಗೆ ಹುಟ್ಟಿದ ಮೈನಸ್ ಎಳೆಯೇ ಅಚ್ಚು. ಅದರಿಂದ ಮತ್ತೆ ಮತ್ತೆ ಪ್ಲಸ್ ಎಳೆಗಳು ಬರುತ್ತವೆ.

ನಾನು ವೀರೋ ಸೆಲ್‌ಗಳಿಗೆ (ಲ್ಯಾಬ್‌ನಲ್ಲಿ ಬೆಳೆಸುವ ಕೋತಿಯ ಮೂತ್ರಪಿಂಡದ ಸೆಲ್‌ಗಳು) ವೈರಸ್ ಹಾಕಿ, ಒಂದು ಗಂಟೆ ಬಿಟ್ಟು ಚೆನ್ನಾಗಿ ತೊಳೆಯುತ್ತೇನೆ. ಬೇರೆ ಬೇರೆ ಹೊತ್ತಿಗೆ ಆರ್‌ಎನ್‌ಎ ತೆಗೆಯುತ್ತೇನೆ. ಮೈನಸ್ ಎಳೆ ಹೆಚ್ಚಾಗಿ ಪ್ಲಸ್ ಜೊತೆ ಹೆಣೆದುಕೊಂಡೇ ಇರುತ್ತದೆ. ಹಾಗಾಗಿ ಅವು ಬಿಡಿಸಿಕೊಳ್ಳಲಿ ಎಂದು ಪ್ರೈಮರ್ (ನಕಲು ಶುರುವಾಗಲು ಬೇಕಾದ ಡಿಎನ್‌ಎಯ ಚಿಕ್ಕ ತುಂಡು) ಸೇರಿಸಿ 95 ಡಿಗ್ರಿಗೆ ಕಾಯಿಸಿ ತಕ್ಷಣ ಐಸ್‌ನಲ್ಲಿಡಬೇಕು. ಪ್ರೈಮರ್ ಮೈನಸ್‌ಗೆ ಮಾತ್ರ ಕೂರುವಂಥದ್ದು. ಅದರ ತಲೆಗೆ ವೈರಸ್‌ಗೆ ಸಂಬಂಧವಿಲ್ಲದ ಅಕ್ಷರಗಳ ಟ್ಯಾಗ್ ಇರುತ್ತದೆ. ಆ ಪ್ರೈಮರ್‌ನಿಂದ ಆರ್‌ಎನ್‌ಎಯ ಡಿಎನ್‌ಎ ನಕಲು, ಅಂದರೆ ಸಿಡಿಎನ್‌ಎ, ತಯಾರಾಗುತ್ತದೆ. ಪಿಸಿಆರ್‌ನಲ್ಲಿ ಆ ಟ್ಯಾಗ್‌ನಿಂದಲೇ ಹಿಡಿಯುವುದು.

ಟ್ಯಾಗ್ ಯಾಕೆ? ಈ ಆರ್‌ಎನ್‌ಎ ತನ್ನ ಮೇಲೇ ಮಡಚಿಕೊಂಡು, ಪ್ರೈಮರ್ ಇಲ್ಲದೆಯೂ ಸಿಡಿಎನ್‌ಎ ಆಗಿಬಿಡುತ್ತದೆ. ಟ್ಯಾಗ್ ಇಲ್ಲದಿದ್ದರೆ ಪ್ಲಸ್ಸನ್ನೇ ಮೈನಸ್ ಎಂದು ಎಣಿಸುತ್ತೇವೆ. ಪ್ಲಸ್ ಹಲವು ಪಟ್ಟು ಜಾಸ್ತಿ ಇರುತ್ತದೆ ಅಲ್ವಾ, ಚೂರು ಸೋರಿದರೂ ಲೆಕ್ಕ ಕೆಡುತ್ತದೆ. ಪ್ರೈಮರ್ ಹಾಕದ ಒಂದು ಟ್ಯೂಬ್, ಟ್ಯೂಬ್‌ನಲ್ಲೇ ತಯಾರಿಸಿದ ಶುದ್ಧ ಪ್ಲಸ್ ಎಳೆಯ ಇನ್ನೊಂದು: ತಪ್ಪು ಸಿಗ್ನಲ್ ಬರುತ್ತಿದೆಯೇ ಎಂದು ತೋರಿಸುವ ಈ ಎರಡು ಕಂಟ್ರೋಲ್ ಇಲ್ಲದ ಫಲಿತಾಂಶವನ್ನು ನಾನು ನಂಬುವುದಿಲ್ಲ. ಉಳಿದ ಪ್ರೈಮರನ್ನು ಪಿಸಿಆರ್‌ಗೆ ಮೊದಲೇ ಎಕ್ಸೋನ್ಯೂಕ್ಲಿಯೇಸ್ (ಒಂಟಿ ಎಳೆಯ ಡಿಎನ್‌ಎಯನ್ನು ತುದಿಯಿಂದ ಕಡಿಯುವ ಕಿಣ್ವ) ಹಾಕಿ ತೆಗೆದುಬಿಡಬೇಕು. ಇಲ್ಲದಿದ್ದರೆ ಅದು ಪಿಸಿಆರ್‌ನಲ್ಲೂ ಕೂತು ಪ್ಲಸ್‌ನಿಂದ ಬಂದ ಸಿಡಿಎನ್‌ಎಗೂ ಟ್ಯಾಗ್ ಅಂಟಿಸುತ್ತದೆ.

ನಕಲು ನಡೆಯುವ ಜಾಗ ನೋಡಲು ಜೆ2 ಆಂಟಿಬಾಡಿ ಇದೆ. ಅದು ಜೋಡಿ ಎಳೆಯ ಆರ್‌ಎನ್‌ಎಗೆ ಅಂಟುತ್ತದೆ. ಮೈಕ್ರೋಸ್ಕೋಪ್‌ನಲ್ಲಿ ನ್ಯೂಕ್ಲಿಯಸ್ ಸುತ್ತಲಿನ ಇಆರ್ (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ಸೆಲ್‌ನೊಳಗಿನ ಪೊರೆಗಳ ಜಾಲ) ಪೊರೆಯ ಬಳಿ ಚುಕ್ಕೆ ಚುಕ್ಕೆಯಾಗಿ ಹೊಳೆಯುತ್ತದೆ. ಆದರೆ ಲ್ಯಾಬ್‌ನಲ್ಲಿ ಬೆಳೆಸುವ ಸೊಳ್ಳೆಯ ಆಗ್2 (Aag2) ಸೆಲ್‌ಗಳಲ್ಲಿ ಮೊದಲಿಂದಲೂ ಕೀಟಗಳದ್ದೇ ವೈರಸ್‌ಗಳು ಠಿಕಾಣಿ ಹೂಡಿರುತ್ತವೆ. ಡೆಂಗಿ ಹಾಕದಿದ್ದರೂ ಜೆ2 ಹೊಳೆಯಬಹುದು. ಅಲ್ಲಿ ನಾನು ಟ್ಯಾಗ್ ಪಿಸಿಆರ್ ಅನ್ನೇ ನೆಚ್ಚುತ್ತೇನೆ.